ಕ್ಯಾರವಾನಿನ ಕಿಟಕಿಗೆ ಕೊಬ್ಬರಿ ಎಣ್ಣೆ

ಏಪ್ರಿಲ್ ತಿಂಗಳು, ಮಗಳಿಗೆ ಈಸ್ಟರ್ ರಜೆ. ಆಗಸ್ಟಿನಿಂದ ನಿಲ್ಲಿಸಿದ್ದ ಕ್ಯಾರವಾನನ್ನು, ಅಂದರೆ ಚಕ್ರದ ಮೇಲಿನ ಪುಟ್ಟ ಮನೆಯಂಥ ಗಾಡಿಯನ್ನು, ಹೊರಗೆ ತೆಗೆಯೋಣ ಅಂತ ನಾವು ಮೂವರೂ ಥೆಟ್‌ಫರ್ಡ್ ಕಾಡಿನ ಅಂಚಿಗೆ ಹೋದೆವು. ಇಂಗ್ಲೆಂಡಿನ ಪೂರ್ವಕ್ಕಿರುವ ಈ ಕಾಡು ತಾನಾಗಿ ಬೆಳೆದದ್ದಲ್ಲ. ಮೊದಲ ಮಹಾಯುದ್ಧದಲ್ಲಿ ಮರಮಟ್ಟಿಗೆ ಪರದಾಡಿದ ಮೇಲೆ, 1920ರ ದಶಕದಿಂದ ಸಾಲು ಹಿಡಿದು ನೆಟ್ಟ ಪೈನ್ ತೋಪು. ಅಂಥ ಎರಡು ಮರಗಳ ಕೆಳಗೇ ನಮ್ಮ ಗಾಡಿ ನಿಂತಿತ್ತು.

ಬಿಳಿ ಮೈಯೆಲ್ಲ ಹಸಿರು ಪಾಚಿ. ಅದು ಶಾಂಪೂ ನೀರಿಗೆ ಹೋಯಿತು. ಅದರಡಿ ಕಂಡದ್ದು ಅಂಟು. ಜೇನಿನ ಬಣ್ಣದ ಹನಿಗಳು, ಕೆಲವು ಹುಣಸೆಬೀಜದಷ್ಟು ದಪ್ಪ. ಒಂದರೊಳಗೆ ಪುಟ್ಟ ನೊಣವೊಂದು ರೆಕ್ಕೆ ಬಿಚ್ಚಿಕೊಂಡೇ ಉಳಿದಿತ್ತು. ಮಗಳು ಅದನ್ನೇ ನೋಡುತ್ತಾ ನಿಂತುಬಿಟ್ಟಳು.

ಎರಡು ವರ್ಷದ ಹಿಂದೆ ಒಂದು ಲೈಮ್ ಮರದ (ನಿಂಬೆಯಲ್ಲ, ಇಲ್ಲಿನ ಒಂದು ದೊಡ್ಡ ಮರ) ಕೆಳಗೆ ನಿಲ್ಲಿಸಿದಾಗಲೂ ಹೀಗೇ ಅಂಟಾಗಿತ್ತು. ಅದು ಮರದ್ದಲ್ಲ, ಎಲೆ ಹೀರುವ ಹೇನುಗಳು ಉದುರಿಸುವ ಸಿಹಿ ರಸ. ಸಕ್ಕರೆ ತಾನೇ, ಬಿಸಿನೀರಿಗೆ ಕರಗಿಹೋಯಿತು. ಪೈನ್ ಅಂಟು ಹಾಗಲ್ಲ. ಅದರಲ್ಲಿರುವ ಟರ್ಪೆಂಟೈನ್ ಆರಿಹೋದರೆ ಉಳಿಯುವುದು ಗಟ್ಟಿ ರಾಳ, ಪಿಟೀಲಿನ ಕಮಾನಿಗೆ ಉಜ್ಜುತ್ತಾರಲ್ಲ, ಅದೇ. ನೀರಿಗೆ ಜಪ್ಪಯ್ಯ ಅಂದರೂ ಕರಗುವುದಿಲ್ಲ.

"ಚಾಕುವಿನಲ್ಲಿ ಮೆಲ್ಲಗೆ ಎಬ್ಬಿಸಲಾ?" ಅಂದರು ನನ್ನವರು. ಬೇಡವೇ ಬೇಡ ಅಂದೆ. ಪಕ್ಕದ ಗೋಡೆ ತೆಳು ಅಲ್ಯೂಮಿನಿಯಂ ತಗಡು. ಬಣ್ಣ ಎದ್ದರೆ ಮತ್ತೆ ಕೂರಿಸುವುದು ಕಷ್ಟ. ಪ್ರೆಶರ್ ವಾಷರ್ ಕೂಡ ಬೇಡ ಅಂದೆ. ಜೋಡಣೆಯ ಸಂದಿಗೆ ನೀರು ನುಗ್ಗಿದರೆ ಒಳಗಿನ ಮರದ ಚೌಕಟ್ಟು ಕೊಳೆಯುತ್ತದೆ. ಕ್ಯಾರವಾನಿಗೆ ಅದಕ್ಕಿಂತ ದೊಡ್ಡ ಕಾಯಿಲೆ ಇಲ್ಲ.

ಅಂಟು ಕರಗಿಸಲು ಐಸೊಪ್ರೊಪೈಲ್ ಆಲ್ಕೋಹಾಲ್ ಒಂದು ಬಾಟಲಿ ತಂದಿದ್ದೆ. ಬೆಂಕಿ ಹೊತ್ತುವ ವಸ್ತು, ಹಾಗಾಗಿ ಮೊದಲು ಗ್ಯಾಸ್ ಬಂದ್ ಮಾಡಿಸಿದೆ. ಕಣ್ಣಿಗೆ ಬೀಳದ ಕೆಳಗಿನ ಮೂಲೆಯಲ್ಲಿ ಹಚ್ಚಿ ನೋಡಿದೆ, ಬಣ್ಣ ಬಿಡಲಿಲ್ಲ. ಮತ್ತೆ ಕೆಲಸ ಶುರು. ಬಿಸಿನೀರಿನ ಬಟ್ಟೆಯನ್ನು ಹನಿಯ ಮೇಲಿಟ್ಟು ಮೆತ್ತಗೆ ಮಾಡುವುದು. ಆಮೇಲೆ ಆಲ್ಕೋಹಾಲ್ ಹಾಕಿದ ಬಟ್ಟೆ ಒತ್ತಿ ಅರ್ಧ ನಿಮಿಷ ಬಿಡುವುದು. ಉಜ್ಜದೆ, ಒತ್ತಿ ಮೇಲಕ್ಕೆ ಎತ್ತುವುದು. ಪ್ರತಿ ಸಲ ಬಟ್ಟೆಯ ಹೊಸ ಮಗ್ಗುಲು. ಅದೇ ಮಗ್ಗುಲಲ್ಲಿ ಮತ್ತೆ ಒರೆಸಿದರೆ ಅಂಟು ಇನ್ನಷ್ಟು ಹರಡುತ್ತದೆ ಅಷ್ಟೇ. ಮುಂಭಾಗದ ಫೈಬರ್, ಬಾಗಿಲ ಪಕ್ಕದ ತಗಡು, ಎಲ್ಲ ಚೆನ್ನಾಗಿ ಬಂತು.

ಅದೇ ಬಟ್ಟೆ ಹಿಡಿದು ಕಿಟಕಿಗೆ ಕೈ ಹಾಕಿದೆ.

"ನಿಲ್ಲಿಸಿ, ನಿಲ್ಲಿಸಿ!" ಪಕ್ಕದ ಸಾಲಿನ ಹಿರಿಯರೊಬ್ಬರು ಕೂಗುತ್ತಾ ಬಂದರು. ತಮ್ಮ ಗಾಡಿಯ ಕಿಟಕಿ ತೋರಿಸಿದರು. ಅದರ ತುಂಬ ಕೂದಲೆಳೆಯಂಥ ಬಿರುಕು, ಬತ್ತಿದ ಕೆರೆಯ ತಳದ ಹಾಗೆ. ಕ್ಯಾರವಾನಿನ ಕಿಟಕಿ ಗಾಜಲ್ಲ, ಅಕ್ರಿಲಿಕ್ ಎಂಬ ಪ್ಲಾಸ್ಟಿಕ್. ಆಲ್ಕೋಹಾಲ್, ಪೆಟ್ರೋಲ್, ಥಿನ್ನರ್ ಯಾವುದು ತಾಗಿದರೂ ಹೀಗೆ ಬಿರುಕು ಬಿಡಬಹುದು, ಒಮ್ಮೆ ಬಿಟ್ಟರೆ ಮತ್ತೆ ಸರಿಯಾಗುವುದಿಲ್ಲ. ಹೊಸದು ಹಾಕಿಸಲು ನೂರಾರು ಪೌಂಡ್. ನನ್ನ ಕೈ ನಡುಗಿತು. ಅವರು ಒಂದು ನಿಮಿಷ ತಡವಾಗಿ ಬಂದಿದ್ದರೆ?

ಸುಮ್ನೆ ಒಳಗೆ ಹೋಗಿ ಕೂತೆ. ಅದಕ್ಕೂ ಮೊದಲು ಗ್ಲೌಸ್ ತೆಗೆದು ಹನಿಯೊಂದನ್ನು ಮುಟ್ಟಿ ನೋಡಿದ್ದೆ, ಬೆರಳೆರಡು ಅಂಟಿಕೊಂಡಿದ್ದವು. ಯೋಚಿಸದೆಯೇ ಕೊಬ್ಬರಿ ಎಣ್ಣೆಯ ಡಬ್ಬಿಗೆ ಕೈ ಹೋಯಿತು. ಮಲೆನಾಡಿನ ಸಾಗರದ ಕಡೆ ನಮ್ಮ ಮನೆಯಲ್ಲಿ ಹಲಸಿನ ಹಣ್ಣು ಕೊಯ್ಯುವ ಮೊದಲು ಕೈಗೂ ಕತ್ತಿಗೂ ಎಣ್ಣೆ ಸವರದಿದ್ದರೆ ಅಮ್ಮ ಹತ್ತಿರವೇ ಬಿಡುತ್ತಿರಲಿಲ್ಲ. ಅಂಟಿದ ಮೇಣ ಬಿಡಿಸುವುದಕ್ಕೂ ಅದೇ ಎಣ್ಣೆ. ಬೆರಳು ತಿಕ್ಕಿದೆ, ಪೈನ್ ಅಂಟು ಸಲೀಸಾಗಿ ಬಿಟ್ಟಿತು. ಅಯ್ಯೋ, ಕಿಟಕಿಗೂ ಇದೇ ಆಗುತ್ತಲ್ವಾ!

ಆ ಚಳಿಗೆ ಎಣ್ಣೆ ಬೆಣ್ಣೆಯಂತೆ ಹೆಪ್ಪುಗಟ್ಟಿತ್ತು. ಅದೇ ಒಳ್ಳೆಯದಾಯಿತು, ಕೆಳಗೆ ಇಳಿಯಲಿಲ್ಲ. ಹನಿಯೊಂದಕ್ಕೆ ಉಗುರಿನಷ್ಟು ಮೆತ್ತಿ ಹತ್ತು ನಿಮಿಷ ಬಿಟ್ಟೆವು. ಮಗಳು ಬೆರಳ ತುದಿಯಲ್ಲಿ ಸುತ್ತ ಸುತ್ತ ತಿರುವಿದಳು. ಮೊದಲು ಅಂಚು ಕರಗಿತು. ಆಮೇಲೆ ಇಡೀ ಹನಿ ಜಾರಿ, ಅವಳ ಬೆರಳಿಗೇ ಬಂತು. "ಅಮ್ಮಾ, ಬಂತು!" ಆ ಮುಖ ನೋಡಬೇಕಿತ್ತು. ಬಟ್ಟೆಯನ್ನು ಮಾತ್ರ ಒತ್ತಿ ಉಜ್ಜಲು ಬಿಡಲಿಲ್ಲ, ಅಕ್ರಿಲಿಕ್ಕಿಗೆ ಬೇಗ ಗೀರು ಬೀಳುತ್ತದೆ.

ಎಣ್ಣೆ ಉಳಿದರೆ ಧೂಳು ಹಿಡಿಯುತ್ತದೆ, ರಬ್ಬರ್ ಪಟ್ಟಿಗೂ ಒಳ್ಳೆಯದಲ್ಲ. ಅದಕ್ಕೆ ಸೋಪಿನ ಬಿಸಿನೀರಲ್ಲಿ ಎರಡು ಸಲ ತೊಳೆದೆವು. ಆಲ್ಕೋಹಾಲ್ ತಾಗಿದ ಕಡೆ ಹಳೆಯ ವ್ಯಾಕ್ಸ್ ಪದರವೂ ಹೋಗಿರುತ್ತದೆ, ಅಲ್ಲೆಲ್ಲ ಹೊಸದಾಗಿ ವ್ಯಾಕ್ಸ್ ಹಚ್ಚಿದೆವು.

ಹೊರಡುವ ಮೊದಲು ಡಬ್ಬಿಯಲ್ಲಿ ಉಳಿದಿದ್ದ ಎಣ್ಣೆಯನ್ನು ಆ ಹಿರಿಯರಿಗೆ ಕೊಟ್ಟೆ. ಅವರ ಗಾಡಿಯ ಮೇಲೂ ಹನಿಗಳು ಜಾಸ್ತಿಯೇ ಇದ್ದವು. ನೊಣವಿದ್ದ ಹನಿಯನ್ನು ಮಾತ್ರ ತೆಗೆಯಬೇಡ ಅಂದಳು ಮಗಳು. ಬಾಗಿಲ ಪಕ್ಕದಲ್ಲಿ ಅದು ಹಾಗೇ ಇದೆ.