ಅಕ್ಕಿ ಗಿರಣಿಯ ಪ್ಯಾನಲ್‌ಗೆ ಹೊಸ ಎಂಸಿಸಿಬಿ: ಕೆಲಸ ಎಲ್ಲಿಗೆ ಬಂತು

ಜಾಗ: ಮಂಡ್ಯ ಹತ್ತಿರದ ಅಕ್ಕಿ ಗಿರಣಿ, 250 ಕೆವಿಎ ಟ್ರಾನ್ಸ್‌ಫಾರ್ಮರ್. ಪಾಲಿಷರ್ ವಿಭಾಗದ ಪ್ಯಾನಲ್ ಬೋರ್ಡ್‌ನಲ್ಲಿ 125 ಆಂಪಿಯರ್‌ನ ತ್ರೀ ಪೋಲ್ ಎಂಸಿಸಿಬಿ (ಕರೆಂಟ್ ಮಿತಿ ಮೀರಿದರೆ ತಾನಾಗಿ ಬೀಳುವ, ಅಂದರೆ ಟ್ರಿಪ್ ಆಗುವ, ದೊಡ್ಡ ಬ್ರೇಕರ್) ಇನ್‌ಕಮರ್ ಆಗಿದೆ, ಅಂದರೆ ಪ್ಯಾನಲ್‌ಗೆ ಕರೆಂಟ್ ಬರುವುದು ಅದರ ಮೂಲಕ. ಮಧ್ಯಾಹ್ನ ಎರಡು ಗಂಟೆ ಹೊತ್ತಿಗೆ ಟ್ರಿಪ್ ಆಗುತ್ತೆ, ಬೆಳಗ್ಗೆ ಆಗಲ್ಲ.

ಮೊದಲ ದಿನ

ಬದಲಿಗೆ 160 ಆಂಪಿಯರ್ ಬ್ರೇಕರ್ ಹಾಕಿಬಿಡೋಣ ಅನ್ನುವ ಮಾತು ಮೊದಲು ಬಂತು. ಅದು ತಪ್ಪು ದಾರಿ. ಟಾಂಗ್ ಟೆಸ್ಟರ್‌ನಲ್ಲಿ (ವೈರ್ ಸುತ್ತ ಹಿಡಿದು ಕರೆಂಟ್ ಅಳೆಯುವ ಮೀಟರ್) ಪೂರ್ತಿ ಲೋಡ್ ಇದ್ದಾಗ ಮೂರು ಫೇಸ್‌ಗಳಲ್ಲಿ ಆರ್ 94, ವೈ 91, ಬಿ 96 ಆಂಪಿಯರ್. ಓವರ್‌ಲೋಡ್ ಇಲ್ಲವೇ ಇಲ್ಲ. ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದಾಗ ಆರ್ ಫೇಸ್ ಟರ್ಮಿನಲ್ 98 ಡಿಗ್ರಿ, ಉಳಿದೆರಡು 60ರ ಆಸುಪಾಸು. ಅಲ್ಯೂಮಿನಿಯಂ ಕೇಬಲ್‌ನ ಲಗ್ (ತುದಿಗೆ ಕೂರಿಸಿ ಬೋಲ್ಟ್ ಮಾಡುವ ಲೋಹದ ತುಂಡು) ಸರಿಯಾಗಿ ಕ್ರಿಂಪ್ ಆಗಿರಲಿಲ್ಲ, ಅಂದರೆ ಗಟ್ಟಿಯಾಗಿ ಒತ್ತಿರಲಿಲ್ಲ. ಆ ಬಿಸಿ ತಾಮ್ರದ ಪಟ್ಟಿಯ ಮೂಲಕ ಒಳಗಿನ ಬೈಮೆಟಲ್‌ಗೆ (ಬಿಸಿಗೆ ಬಾಗಿ ಬ್ರೇಕರ್ ಬೀಳಿಸುವ ಪಟ್ಟಿ) ಹತ್ತಿ, ಕರೆಂಟ್ ಕಡಿಮೆ ಇದ್ದರೂ ಬ್ರೇಕರ್ ಬೀಳುತ್ತಿತ್ತು. 160 ಹಾಕಿದ್ದರೆ ಟ್ರಿಪ್ ನಿಲ್ಲುತ್ತಿತ್ತು, ಲಗ್ ಮಾತ್ರ ಸುಡುತ್ತಲೇ ಇರುತ್ತಿತ್ತು. ಕೇಬಲ್‌ಗೂ ರಕ್ಷಣೆ ಇರುತ್ತಿರಲಿಲ್ಲ. ಟರ್ಮಿನಲ್ ಪ್ಲಾಸ್ಟಿಕ್ ಕಂದಿದೆ, ಹಾಗಾಗಿ ಬ್ರೇಕರ್ ಬದಲಿಸಲೇಬೇಕು.

ಎರಡನೇ ದಿನ: ಆಯ್ಕೆ

ರೇಟಿಂಗ್ 125 ಹಾಗೇ ಇರಲಿ. ಥರ್ಮಲ್ ಮ್ಯಾಗ್ನೆಟಿಕ್ ಎಂಸಿಸಿಬಿಯ ರೇಟಿಂಗ್ ಸಾಮಾನ್ಯವಾಗಿ 40 ಡಿಗ್ರಿಗೆ ಕೊಟ್ಟಿದ್ದು. ಪ್ಯಾನಲ್ ಒಳಗೆ ಮಧ್ಯಾಹ್ನ 52 ಇತ್ತು. ಕ್ಯಾಟಲಾಗ್‌ನ ಡಿರೇಟಿಂಗ್ ಪಟ್ಟಿ (ಬಿಸಿ ಹೆಚ್ಚಿದಂತೆ ರೇಟಿಂಗ್ ಎಷ್ಟು ಇಳಿಯುತ್ತೆ ಅನ್ನುವುದು) ನೋಡಿ, ಇಳಿದ ಮೇಲೂ 96ಕ್ಕಿಂತ ಸಾಕಷ್ಟು ಮೇಲಿದೆ ಅಂತ ಖಾತ್ರಿ ಮಾಡಿಕೊಂಡಿದ್ದಾಯಿತು.

ಮುಂದಿನದು ಬ್ರೇಕಿಂಗ್ ಕೆಪಾಸಿಟಿ, ಅಂದರೆ ಶಾರ್ಟ್ ಸರ್ಕ್ಯೂಟ್ ಆದಾಗ ಎಷ್ಟು ಕರೆಂಟ್ ಅನ್ನು ಬ್ರೇಕರ್ ಸುರಕ್ಷಿತವಾಗಿ ಕಡಿಯಬಲ್ಲದು ಅನ್ನುವುದು. ಜನ ಹೆಚ್ಚಾಗಿ ಬಿಟ್ಟುಬಿಡುವುದು ಇದನ್ನೇ. 433 ವೋಲ್ಟ್‌ಗೆ 250 ಕೆವಿಎ ಅಂದರೆ 333 ಆಂಪಿಯರ್. ನೇಮ್‌ಪ್ಲೇಟ್‌ನಲ್ಲಿ ಇಂಪಿಡೆನ್ಸ್ 4.5 ಪರ್ಸೆಂಟ್. 333 ಭಾಗಿಸು 0.045, ಶಾರ್ಟ್ ಸರ್ಕ್ಯೂಟ್ ಕರೆಂಟ್ ಸುಮಾರು 7.4 ಕೆಎ (ಕಿಲೋ ಆಂಪಿಯರ್). ಟ್ರಾನ್ಸ್‌ಫಾರ್ಮರ್ ಬುಡದಲ್ಲಿ ಅಷ್ಟು. ಕೇಬಲ್ ದಾಟಿ ಪ್ಯಾನಲ್‌ಗೆ ಬರುವಾಗ ಇನ್ನೂ ಕಡಿಮೆ. ಮುಂದೆ ಇದೇ ಇಂಪಿಡೆನ್ಸ್‌ನ 500 ಕೆವಿಎ ಹಾಕಿದರೆ 14.8 ಕೆಎ ಆಗುತ್ತೆ, ಆಗ 16 ಕೆಎ ಬ್ರೇಕರ್‌ಗೆ ಉಸಿರಾಡಲು ಜಾಗ ಇರಲ್ಲ. ಅದಕ್ಕೆ 25 ಕೆಎ. ಐಸಿಯು (ಬ್ರೇಕರ್ ಕಡಿಯಬಲ್ಲ ಗರಿಷ್ಠ ಕರೆಂಟ್) ಒಂದನ್ನೇ ನೋಡಬೇಡಿ: ಐಸಿಎಸ್ (ಕಡಿದ ಮೇಲೂ ಕೆಲಸಕ್ಕೆ ಬರುವ ಮಿತಿ) ಅದರ 100 ಪರ್ಸೆಂಟ್ ಇದ್ದರೆ, ದೊಡ್ಡ ಫಾಲ್ಟ್ ಕಡಿದ ಮೇಲೂ ಬ್ರೇಕರ್ ಸೇವೆಗೆ ಬರುತ್ತೆ.

ನ್ಯೂಟ್ರಲ್‌ಗೆ ಬೇರೆ ಲಿಂಕ್ ಇದೆ, ತ್ರೀ ಪೋಲ್ ಸಾಕು. ಫ್ರೇಮ್ ಅಳತೆ, ಮೌಂಟಿಂಗ್ ರಂಧ್ರ, ಸ್ಪ್ರೆಡರ್ ಲಿಂಕ್ (ಟರ್ಮಿನಲ್‌ಗಳನ್ನು ಅಗಲಿಸುವ ಪಟ್ಟಿ), ಬಾಗಿಲ ಹ್ಯಾಂಡಲ್‌ನ ಶಾಫ್ಟ್ ಇವೆಲ್ಲ ಹಳೆಯದಕ್ಕೆ ಹೊಂದಬೇಕು. ಕಂಪನಿ ಬದಲಾದರೆ ಕೈಕೊಡುವುದು ಶಾಫ್ಟ್ ಉದ್ದವೇ.

ಮೂರನೇ ದಿನ: ಅಳವಡಿಕೆ

ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಯಿಂದಲೇ. ಪ್ಯಾನಲ್‌ಗೆ ಕರೆಂಟ್ ಕೊಡುವ ಮೇಲಿನ ಸ್ವಿಚ್ ಆಫ್ ಮಾಡಿ ಬೀಗ ಹಾಕಿ, ಕೆಪಾಸಿಟರ್ ಬ್ಯಾಂಕ್‌ನಲ್ಲಿ ಉಳಿದ ಚಾರ್ಜ್ ಇಳಿಯಲು 5 ನಿಮಿಷ ಬಿಟ್ಟು, ಮೂರೂ ಫೇಸ್ ಮತ್ತು ನ್ಯೂಟ್ರಲ್ ನಡುವೆ ಮೀಟರ್ ಹಿಡಿದು ಸೊನ್ನೆ ನೋಡಿದ ಮೇಲೆ ಕೈ ಹಾಕಿದ್ದು.

ಸುಟ್ಟ ತುದಿ ಕತ್ತರಿಸಿ, ಹೊಳಪು ಬರುವವರೆಗೆ ಬ್ರಷ್ ಉಜ್ಜಿ, ಪೇಸ್ಟ್ ಹಚ್ಚಿ, ಬೈಮೆಟಾಲಿಕ್ ಲಗ್ (ಅಲ್ಯೂಮಿನಿಯಂ, ತಾಮ್ರ ಎರಡೂ ಇರುವ ಲಗ್) ಅನ್ನು ಹೆಕ್ಸಾಗನ್ ಡೈನಲ್ಲಿ ಒತ್ತಲಾಯಿತು. ಬೋಲ್ಟ್ ಬಿಗಿ ತಯಾರಕರ ಹಾಳೆಯಲ್ಲಿದ್ದಷ್ಟೇ, ಟಾರ್ಕ್ ರೆಂಚ್‌ನಲ್ಲಿ. ಸಡಿಲವಾದರೆ ಗೊತ್ತಾಗಲಿ ಅಂತ ಬೋಲ್ಟ್ ತಲೆಯ ಮೇಲೆ ಪೇಂಟ್ ಗೆರೆ. ಫೇಸ್ ಬ್ಯಾರಿಯರ್ (ಫೇಸ್‌ಗಳ ನಡುವಿನ ಇನ್ಸುಲೇಷನ್ ತಡೆ) ಹಾಕುವುದನ್ನು ಮರೆಯಬಾರದು, ಹೊಟ್ಟಿನ ದೂಳಿರುವ ಕಡೆಯಂತೂ ಮರೆಯಲೇಬಾರದು. 500 ವೋಲ್ಟ್ ಮೆಗ್ಗರ್‌ನಲ್ಲಿ (ಇನ್ಸುಲೇಷನ್ ಪರೀಕ್ಷಿಸುವ ಉಪಕರಣ) ಫೇಸ್‌ಗಳ ನಡುವೆ, ಅರ್ತ್‌ಗೆ ಪರೀಕ್ಷೆ ಆಯಿತು. ಎಲೆಕ್ಟ್ರಾನಿಕ್ ಟ್ರಿಪ್ ಯೂನಿಟ್ ಆಗಿದ್ದರೆ ಮೆಗ್ಗರ್‌ಗೆ ಮುಂಚೆ ತಯಾರಕರ ಸೂಚನೆ ಓದಬೇಕು.

ಎರಡು ಗಂಟೆ ಕಾಲ ಪೂರ್ತಿ ಲೋಡ್‌ನಲ್ಲಿ ಓಡಿಸಿದಾಗ ಟರ್ಮಿನಲ್ ಬಿಸಿ: ಆರ್ 58, ವೈ 57, ಬಿ 59 ಡಿಗ್ರಿ. ಟ್ರಿಪ್ ಇಲ್ಲ.

ಉಳಿದದ್ದು

ತಿಂಗಳ ಮೇಲೆ ಪೇಂಟ್ ಗೆರೆ ಸರಿದಿದೆಯಾ ಅಂತ ನೋಡಿ ಮತ್ತೆ ಬಿಸಿ ಅಳೆಯುವುದು. ಬಾಗಿಲಿನ ಗ್ಯಾಸ್ಕೆಟ್ ಹರಿದಿದೆ, ಒಳಗೆ ತೌಡಿನ ದೂಳು ಬರುತ್ತಿದೆ; 3 ಮೀಟರ್ ರಬ್ಬರ್ ಪಟ್ಟಿ ತರಿಸಬೇಕು.