ಜೊತೆಗೆ ಬಂದವನು

"ಅವ್ರೇ ಇಲ್ಲೀಗ್ ಬತ್ತಾವ್ರೆ. ನೀನು ಎದ್ದೋಗದೂ ಬ್ಯಾಡ ಮಗ, ಕೈ ಚಾಚು ಸಾಕು."

ಭಾನುವಾರದಿಂದ ಚಿಕ್ಕಮ್ಮನ ಈ ಮಾತು ಕಿವಿ ಬಿಟ್ಟು ಹೋಗಿಲ್ಲ. ಅದಕ್ಕೆ ಅವ್ವ ಕೊಟ್ಟ ಉತ್ತರವಂತೂ ಕೆಲಸದ ನಡುವೆ, ಗಾಡಿ ಓಡಿಸುವಾಗ, ರಾತ್ರಿ ದೀಪ ಆರಿಸಿದ ಮೇಲೆ ಮತ್ತೆ ಮತ್ತೆ ಬರುತ್ತಿದೆ.

ಹಾಸನದಲ್ಲಿ ಅವ್ವನನ್ನು ಚರ್ಚಿಗೆ ಭಾನುವಾರದ ಪೂಜೆಗೆ ಕರೆದುಕೊಂಡು ಹೋಗುವುದು ಅಪ್ಪ ತೀರಿಕೊಂಡ ಮೇಲೆ ನನ್ನ ಪಾಲಿಗೆ ಬಂದ ಕೆಲಸ. ಅವಳಿಗೆ ಎಪ್ಪತ್ತು ದಾಟಿದೆ, ಎರಡೂ ಮಂಡಿ ಸವೆದಿವೆ. ಮೊದಲೆಲ್ಲ ನನ್ನ ತೋಳು ಹಿಡಿದು ಸಾಲಿನಲ್ಲಿ ನಿಂತು ಪೀಠದ ತನಕ ಹೋಗುತ್ತಿದ್ದಳು. ಈಗ ಆಗುವುದಿಲ್ಲ. ಹಾಗಾಗಿ ಪರಮಪ್ರಸಾದದ, ಅಂದರೆ ಪವಿತ್ರ ರೊಟ್ಟಿ ಹಂಚುವ ಹೊತ್ತಿಗೆ ಫಾದರ್ ತಾವೇ ಪಾತ್ರೆ ಹಿಡಿದುಕೊಂಡು ಅವಳು ಕೂತ ಬೆಂಚಿನ ತನಕ ಇಳಿದು ಬರುತ್ತಾರೆ. ಅವಳ ಪಕ್ಕ ನಾನು, ನನ್ನ ಪಕ್ಕ ಚಿಕ್ಕಮ್ಮ.

ನಾನು ದೇವರನ್ನು ನಂಬುವವನಲ್ಲ. ಮನೆಯಲ್ಲಿ ಇದು ಗುಟ್ಟೂ ಅಲ್ಲ. ಬೆಂಗಳೂರಿನಲ್ಲಿ ಓದುವ ಕಾಲಕ್ಕೆ ಎಚ್. ನರಸಿಂಹಯ್ಯನವರ ವಿಚಾರ ನನ್ನನ್ನು ಗಟ್ಟಿಯಾಗಿ ಹಿಡಿದುಕೊಂಡಿತು. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದುಕೊಂಡೇ ಪವಾಡಗಳನ್ನು ಪರೀಕ್ಷಿಸಲು ಸಮಿತಿ ಮಾಡಿದ ಮನುಷ್ಯ. ಅವರ ಧೈರ್ಯ ನೋಡಿ ನನಗೂ ಧೈರ್ಯ ಬಂತು. ರಜೆಯಲ್ಲಿ ಊರಿಗೆ ಬಂದವನೇ ಅವ್ವನ ಮುಂದೆ ಹೇಳಿಬಿಟ್ಟೆ. ಸಾರಿಗೆ ಒಗ್ಗರಣೆ ಹಾಕುತ್ತಿದ್ದವಳು ತಿರುಗಿ ನನ್ನ ಮುಖ ನೋಡಿದಳು. "ಸರಿ, ಊಟಕ್ ಕೂತ್ಕೊ" ಅಂದಳು. ಆಮೇಲೆ ಆ ವಿಷಯ ಎತ್ತಲೇ ಇಲ್ಲ. ಅವಳ ಜಪಸರ ಅವಳು ಬಿಡಲಿಲ್ಲ, ನನ್ನ ಪುಸ್ತಕ ನಾನು ಬಿಡಲಿಲ್ಲ.

ಪೂಜೆಯಲ್ಲಿ ನಾನು ಮಾಡುವುದು ಇಷ್ಟು. ಎಲ್ಲರೂ ಎದ್ದಾಗ ಏಳುತ್ತೇನೆ. ಹಾಡುತ್ತೇನೆ, ಅದೂ ಬಾಯಿ ತುಂಬ; ಆ ಹಾಡುಗಳು ಅವ್ವನ ಮಡಿಲಲ್ಲಿ ಕೂತು ಕಲಿತವು. ಫಾದರ್ ಮಾಡುವ ಪ್ರಬೋಧನೆ ಕೇಳುತ್ತೇನೆ. ಶಾಂತಿ ಕೋರುವ ಹೊತ್ತಿಗೆ ಸುತ್ತಲಿನವರಿಗೆ ಕೈ ಮುಗಿಯುತ್ತೇನೆ, ಆ ಗಳಿಗೆ ನನಗೆ ನಿಜಕ್ಕೂ ಇಷ್ಟ. "ವಿಶ್ವಾಸಿಸುತ್ತೇನೆ" ಎಂದು ಎಲ್ಲರೂ ಒಟ್ಟಿಗೆ ಹೇಳುವಾಗ ಮಾತ್ರ ಬಾಯಿ ಮುಚ್ಚಿಕೊಂಡಿರುತ್ತೇನೆ. ಪ್ರಸಾದ ತೆಗೆದುಕೊಳ್ಳುವುದಿಲ್ಲ. ಹಾಡು ಸರಿ, ಪ್ರಸಾದ ಯಾಕೆ ಬೇಡ ಎಂದು ಯಾರಾದರೂ ಕೇಳಬಹುದು. ಹಾಡು ನನ್ನದೂ ಹೌದು. ಆ ಬಿಳಿಯ ತೆಳು ರೊಟ್ಟಿ ಅವ್ವನಿಗೆ ಕ್ರಿಸ್ತರ ಶರೀರವೇ. ಅಲ್ಲಿ "ಆಮೆನ್" ಅಂದರೆ ಹೌದು, ಒಪ್ಪಿದೆ ಎಂದ ಹಾಗೆ. ಒಪ್ಪದ ನಾನು ಅವಳ ಪಕ್ಕದಲ್ಲೇ ಕೂತು ಅದನ್ನು ಹೇಗೆ ಹೇಳಲಿ?

ಇದೆಲ್ಲ ಚಿಕ್ಕಮ್ಮನಿಗೂ ಗೊತ್ತು. ಅವರ ಬಗ್ಗೆ ಒಂದು ಮಾತು ಹೇಳಬೇಕು. ಅಪ್ಪ ಆಸ್ಪತ್ರೆಯಲ್ಲಿದ್ದಷ್ಟು ದಿನವೂ ಬುತ್ತಿ ಕಟ್ಟಿಕೊಂಡು ಬಂದವರು ಅವರೊಬ್ಬರೇ. ಒಳ್ಳೆಯವರು. ಆದರೆ ಯಾರ ಮಗ ಪೂಜೆಗೆ ಬಂದ, ಯಾರ ಸೊಸೆ ಮೂರು ವಾರದಿಂದ ಕಾಣಲಿಲ್ಲ, ಯಾರು ಫಾದರ್ ಮುಂದೆ ತಪ್ಪೊಪ್ಪಿಕೊಳ್ಳುವ ಪಾಪನಿವೇದನೆಗೆ ಹೋಗದೆ ಪ್ರಸಾದಕ್ಕೆ ನಿಂತರು ಎಂಬುದೆಲ್ಲ ಅವರ ಲೆಕ್ಕದಲ್ಲಿರುತ್ತದೆ. ಅದು ಕೆಟ್ಟತನದಿಂದ ಬಂದದ್ದಲ್ಲ, ಹೆದರಿಕೆಯಿಂದ ಬಂದದ್ದು ಎಂದೇ ನನ್ನ ಅನಿಸಿಕೆ. ನಮ್ಮದು ಸಣ್ಣ ಸಮುದಾಯ. ಮಕ್ಕಳ ಮದುವೆಗೆ ಫಾದರ್ ಪತ್ರ ಬೇಕು, ಸತ್ತರೆ ಸಮಾಧಿಗೆ ಜಾಗ ಬೇಕು. ಅದರ ಮೇಲೆ ಅವರ ಇಬ್ಬರು ಮಕ್ಕಳೂ ದೂರದ ಊರುಗಳಲ್ಲಿದ್ದಾರೆ, ಅಲ್ಲಿ ಪೂಜೆಗೆ ಹೋಗುತ್ತಾರೋ ಇಲ್ಲವೋ ಕೇಳಲು ಇವರಿಗೆ ಧೈರ್ಯವಿಲ್ಲ. ಕೈಗೆ ಸಿಗುವವನು ನಾನು.

ಮೊನ್ನೆ ಫಾದರ್ ನಮ್ಮ ಬೆಂಚಿನ ಹತ್ತಿರ ಬಂದಾಗ ಮುಂದಿನ, ಹಿಂದಿನ ಸಾಲುಗಳು ಖಾಲಿಯಾಗಿದ್ದವು. ಎಲ್ಲರೂ ನಡುದಾರಿಯಲ್ಲಿ ಸಾಲು ನಿಂತಿದ್ದರು. ಅವ್ವ ತಲೆ ಮೇಲೆ ಸೆರಗು ಎಳೆದುಕೊಂಡು, ಊರುಗೋಲನ್ನು ಬೆಂಚಿಗೆ ಒರಗಿಸಿ, ಮುಖ ಎತ್ತಿದಳು. "ಕ್ರಿಸ್ತರ ಶರೀರ." "ಆಮೆನ್." ಅವಳಿಗೆ ಹಳೆಯ ರೂಢಿ, ಕೈಯಲ್ಲಿ ತೆಗೆದುಕೊಳ್ಳುವುದಿಲ್ಲ, ನಾಲಿಗೆಯ ಮೇಲೇ ಆಗಬೇಕು. ಫಾದರ್ ಬೆರಳು, ಅವಳ ನಡುಗುವ ಗದ್ದ, ಆ ತೆಳು ಬಿಳಿ ಬಿಲ್ಲೆ, ಎಲ್ಲ ನನ್ನ ಮುಖದಿಂದ ಒಂದು ಗೇಣು ದೂರದಲ್ಲಿ. ಆಗಲೇ ಚಿಕ್ಕಮ್ಮ ಮೊಣಕೈಯಿಂದ ನನ್ನ ಪಕ್ಕೆಗೆ ತಿವಿದು ಮೇಲಿನ ಮಾತು ಅಂದದ್ದು. ಜೊತೆಗೆ ಇನ್ನೊಂದು ಸೇರಿಸಿದರು. "ನಾಲ್ಕ್ ಜನ ನೋಡ್ತಾರೆ. ನಿಮ್ಮವ್ವನ್ ಮನ್ಸಿಗಾದ್ರೂ ನೆಮ್ದಿಯಾಗ್ಲಿ."

ನಾನು ಏನಾದರೂ ಅನ್ನುವ ಮೊದಲೇ ಅವ್ವ, ಕಣ್ಣು ಕೂಡ ತೆರೆಯದೆ, ಅಂದಳು:

"ಸುಮ್ನಿರೆ. ಅವ್ನು ನನ್ ಜೊತೆ ಬಂದವ್ನೆ."

ಫಾದರ್‌ಗೂ ಕೇಳಿಸಿರಬೇಕು. ಹರೆಯದವರು, ನಮ್ಮ ಧರ್ಮಕೇಂದ್ರಕ್ಕೆ ಬಂದು ಹೆಚ್ಚು ಕಾಲವಾಗಿಲ್ಲ. ನನ್ನತ್ತ ಸಣ್ಣಗೆ ತಲೆಯಾಡಿಸಿ ಚಿಕ್ಕಮ್ಮನ ಕಡೆ ತಿರುಗಿದರು. ಪೂಜೆ ಮುಗಿದ ಮೇಲೆ ಬಾಗಿಲಲ್ಲಿ ಸಿಕ್ಕಾಗಲೂ ಕೇಳಿದ್ದು ಅವ್ವನ ಮಂಡಿಯ ವಿಚಾರ. ಆ ಹುಡುಗನ ಮೇಲೆ ನನಗೆ ಅಂದಿನಿಂದ ಗೌರವ ಹೆಚ್ಚಾಗಿದೆ.

ಚಿಕ್ಕಮ್ಮನದು ಕೆಟ್ಟ ಮಾತಲ್ಲ. ಅವ್ವನ ಮನಸ್ಸಿಗೆ ನೆಮ್ಮದಿಯಾಗಲಿ ಎಂದು ಬಯಸಿದವರು. ಆದರೂ ಅವರು ಅವ್ವನನ್ನು ಅಳೆದದ್ದು ತಪ್ಪು. ಸುಳ್ಳು ಪ್ರಸಾದದಿಂದ ನೆಮ್ಮದಿ ಪಡೆಯುವ ಹೆಂಗಸಲ್ಲ ಅವಳು. ಇಷ್ಟು ವರ್ಷ ನನಗೂ ಇದು ಸರಿಯಾಗಿ ಗೊತ್ತಿರಲಿಲ್ಲ. ಅವಳು ನನ್ನನ್ನು ಸಹಿಸಿಕೊಂಡಿದ್ದಾಳೆ ಎಂದಷ್ಟೇ ಅಂದುಕೊಂಡಿದ್ದೆ. ಆ ಪ್ರಸಾದದ ವಿಷಯದಲ್ಲಿ ದೇವಾಲಯದಲ್ಲಿ ಕೂತವರ ಪೈಕಿ ನನ್ನ ಮಾತನ್ನು ಪೂರ್ತಿ ಒಪ್ಪುವವಳು ನನ್ನ ಅವ್ವನೇ. ಅವಳು ಅದನ್ನು ನಂಬುವುದರಿಂದ, ನಾನು ನಂಬದೇ ಇರುವುದರಿಂದ, ಇಬ್ಬರಿಗೂ ಅದು ಆಟದ ವಸ್ತುವಲ್ಲ.

ಮನೆಗೆ ಬಂದ ಮೇಲೆ ಕಾಫಿ ಕುಡಿಯುತ್ತಾ ಅವಳು ಒಂದು ಕತೆ ಹೇಳಿದಳು. ಅವಳು ಹುಟ್ಟಿದ್ದು ಶೆಟ್ಟಿಹಳ್ಳಿಯಲ್ಲಿ. ಗೊರೂರು ಅಣೆಕಟ್ಟಿನ ಹಿನ್ನೀರಿನಲ್ಲಿ ಮಳೆಗಾಲಕ್ಕೆ ಅರ್ಧ ಮುಳುಗಿ ಬೇಸಿಗೆಗೆ ಎದ್ದು ನಿಲ್ಲುವ ಆ ಚರ್ಚು ಎಲ್ಲರಿಗೂ ಗೊತ್ತು. ಫ್ರೆಂಚ್ ಪಾದ್ರಿಗಳು 1860ರ ದಶಕದಲ್ಲಿ ಕಟ್ಟಿಸಿದ್ದು. ಈಗ ಅಲ್ಲಿ ಮದುವೆ ಜೋಡಿಗಳು ಫೋಟೋ ತೆಗೆಸಿಕೊಳ್ಳುತ್ತವೆ. ಅವ್ವನಿಗೆ ಅದು ದೀಕ್ಷಾಸ್ನಾನವಾದ ಜಾಗ. ಹೇಮಾವತಿ ಊರನ್ನು ನುಂಗಿದ ಮೇಲೆ ಒಂದು ಸಲ ಹೋಗಿ ಬಂದವಳು ಮತ್ತೆ ಕಾಲಿಡಲಿಲ್ಲ.

ಅವಳು ಚಿಕ್ಕವಳಿದ್ದಾಗ ಪೂಜೆ ಲ್ಯಾಟಿನ್‌ನಲ್ಲಿ. ಪಾದ್ರಿಗಳು ಜನರಿಗೆ ಬೆನ್ನು ಹಾಕಿ ಪೀಠದ ಕಡೆ ಮುಖ ಮಾಡಿ ನಿಲ್ಲುತ್ತಿದ್ದರು. ಕನ್ನಡ ಬಂದದ್ದು ಜಗತ್ತಿನ ಕ್ಯಾಥೊಲಿಕ್ ಬಿಷಪ್‌ಗಳು ಸೇರಿದ್ದ ಎರಡನೇ ವ್ಯಾಟಿಕನ್ ಮಹಾಸಭೆಯ ನಂತರ, ಅದು ನಡೆದದ್ದು 1962ರಿಂದ 1965ರವರೆಗೆ. ಪ್ರಸಾದಕ್ಕೆ ಮುಂಚೆ ಮೂರು ಗಂಟೆ ಏನೂ ತಿನ್ನಬಾರದಿತ್ತು. 1964ರಲ್ಲಷ್ಟೇ ಅದು ಒಂದು ಗಂಟೆಗೆ ಇಳಿಯಿತು. ಒಂದು ಭಾನುವಾರ ಅವ್ವ ಗದ್ದೆ ಬದುವಿನಲ್ಲಿ ಬರುವಾಗ ಯಾರದೋ ಹೊಲದ ಕಬ್ಬು ಮುರಿದು ಅಗಿದಿದ್ದಳಂತೆ. ಅಜ್ಜಿಗೆ ಬಾಯಿಯ ವಾಸನೆಯಿಂದ ಗೊತ್ತಾಯಿತು. ಓರಗೆಯ ಹುಡುಗಿಯರೆಲ್ಲ ಎದ್ದು ಹೋದರು, ಇವಳೊಬ್ಬಳನ್ನು ನೆಲದ ಮೇಲೆ ಕೂರಿಸಿಬಿಟ್ಟಳು.

"ಅತ್ಕೊಂಡ್ ಕೂತಿದ್ದೆ. ಸುಳ್ಳಾಡ್ಕೊಂಡ್ ಎದ್ದೋಗೋದ್ಕಿಂತ ಕೂರೋದೇ ವಾಸಿ ಅಂದ್ಲು ನಮ್ಮವ್ವ. ಅವತ್ ಕೋಪ ಬಂದಿತ್ತು. ಸರಿಯಾಗೇ ಅಂದಿದ್ಲು."

ಇಷ್ಟು ಹೇಳಿ ಲೋಟ ತೊಳೆಯಲು ಎದ್ದಳು. ನನ್ನ ವಿಷಯ ತೆಗೆಯಲೇ ಇಲ್ಲ.

ಆಫೀಸಿನಲ್ಲಿ ನನ್ನ ಗೆಳೆಯನೊಬ್ಬನಿದ್ದಾನೆ, ಅವನೂ ನನ್ನ ಹಾಗೆಯೇ ದೇವರನ್ನು ಬಿಟ್ಟವನು. ವರ್ಷಕ್ಕೊಮ್ಮೆ ದೀಪಾವಳಿ ಹೊತ್ತಿಗೆ ಹಾಸನಾಂಬೆಯ ಬಾಗಿಲು ತೆರೆದಾಗ ತನ್ನ ತಾಯಿಯನ್ನು ಕರೆದುಕೊಂಡು ಗಂಟೆಗಟ್ಟಲೆ ಸಾಲಿನಲ್ಲಿ ನಿಲ್ಲುತ್ತಾನೆ. ಹೋದ ವರ್ಷ ಹಚ್ಚಿಟ್ಟ ದೀಪ ಆರಿರುವುದಿಲ್ಲ ಎಂಬ ನಂಬಿಕೆಯನ್ನು ಅವನು ಒಪ್ಪುವುದಿಲ್ಲ, ತಾಯಿಯ ಮುಂದೆ ವಾದಕ್ಕೂ ಇಳಿಯುವುದಿಲ್ಲ. ನೀನು ಯಾಕೆ ಬಂದೆ ಎಂದು ಅವನನ್ನು ಯಾರೂ ಕೇಳಿದ್ದಿಲ್ಲ. ಆ ಸಾಲಿನಲ್ಲಿ ನಂಬಿದವನು ಯಾರು, ನಂಬದವನು ಯಾರು ಎಂದು ಬೇರ್ಪಡಿಸುವ ಗಳಿಗೆಯೇ ಇಲ್ಲ. ನಮ್ಮ ಪೂಜೆಯಲ್ಲಿ ಇದೆ. ಸಾಲಿಗೆ ಸಾಲೇ ಎದ್ದು ಹೋಗುತ್ತದೆ, ಕೂತವನ ಮಂಡಿ ದಾಟಿಕೊಂಡೇ ಹೋಗಬೇಕು. ಕೂತವನು ಕಂಡೇ ಕಾಣುತ್ತಾನೆ. ಹಾಗೆ ಕಾಣುವುದಕ್ಕೆ ಅಂಜಿ ದೇವಾಲಯವನ್ನೇ ಬಿಟ್ಟವರನ್ನು ನಾನು ಬಲ್ಲೆ. ಅಂಜಿ ಪ್ರಸಾದ ತೆಗೆದುಕೊಳ್ಳುವವರೂ ಇರಬಹುದು, ಅವರನ್ನು ದೂರುವ ಮನಸ್ಸು ನನಗಿಲ್ಲ. ಮಗಳ ಮದುವೆ ಎದುರಿಗಿದ್ದಾಗ ಮನುಷ್ಯ ಏನು ಮಾಡಬೇಕು?

ಆದರೆ ನಂಬಿಕೆ ಇಲ್ಲದವನು ಒಳಗೆ ಕಾಲೇ ಇಡಬಾರದು, ಇಟ್ಟರೆ ಅದು ಆಷಾಢಭೂತಿತನ ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಬೆಂಗಳೂರಿನಲ್ಲಿರುವ ನನ್ನ ಸೋದರಳಿಯ ಹಾಗೇ ಅನ್ನುತ್ತಾನೆ. ಬುದ್ಧಿವಂತ ಹುಡುಗ, ಆದರೆ ಮನುಷ್ಯರನ್ನು ಅವರು ಒಪ್ಪಿದ ವಿಚಾರಗಳ ಪಟ್ಟಿಯಂತೆ ನೋಡುತ್ತಾನೆ. ಅಪ್ಪನ ಮಣ್ಣಿನ ದಿನ ಅದೇ ದೇವಾಲಯದಲ್ಲಿ ನಮಗಾಗಿ ಎದ್ದು ನಿಂತವರು ಎಷ್ಟು ಜನ! ಅವರಲ್ಲಿ ನಮ್ಮ ಬೀದಿಯ ಗೌಡರ ಮನೆಯವರಿದ್ದರು, ಅಪ್ಪನ ಜೊತೆ ಕೆಲಸ ಮಾಡಿದ ಸಾಬರಿದ್ದರು. ಅವರು ಯಾವುದನ್ನು ನಂಬಿ ಬಂದಿದ್ದರು? ಅಪ್ಪನನ್ನು ಬಲ್ಲವರಾಗಿ ಬಂದಿದ್ದರು. ಕೂರುವ ಹೊತ್ತಿಗೆ ಕೂತು, ಏಳುವ ಹೊತ್ತಿಗೆ ಎದ್ದು, ಕೊನೆಗೆ ಹಿಡಿ ಮಣ್ಣು ಹಾಕಿ ಹೋದರು. ಅವತ್ತು ಅವರನ್ನು ನೋಡಿ ನಮ್ಮ ಮನೆಯವರೆಲ್ಲ ಸುಧಾರಿಸಿಕೊಂಡೆವು. ಬೇರೆಯವರ ಮಗ ಬಂದರೆ ದೊಡ್ಡತನ, ಸ್ವಂತ ಮಗ ಬಂದರೆ ನಾಟಕ ಎಂದರೆ ಅದ್ಯಾವ ನ್ಯಾಯ?

ಚಿಕ್ಕಮ್ಮ ಎರಡು ದಿನ ಮುನಿಸಿಕೊಂಡಿದ್ದರು. ಬುಧವಾರ ಸಂಜೆ ಮೆಂತ್ಯದ ಸೊಪ್ಪು ಹಿಡಿದುಕೊಂಡು ಬಂದರು. ಅವ್ವ ಒಳಗಿದ್ದಾಗ ತಗ್ಗಿದ ದನಿಯಲ್ಲಿ ಕೇಳಿದರು.

"ನಿಮ್ಮವ್ವ ಹೋದ್ಮೇಲೆ ನೀನು ಬರದೇ ಬಿಟ್ಬಿಡ್ತೀಯ ಅಲ್ವ?"

ಆ ಪ್ರಶ್ನೆಯಲ್ಲಿ ನನ್ನ ಆತ್ಮದ ಚಿಂತೆ ಎಷ್ಟಿತ್ತೋ, ಭಾನುವಾರ ಬೆಳಿಗ್ಗೆ ಆಟೋಗೆ ಕಾಯುತ್ತಾ ಒಬ್ಬರೇ ನಿಲ್ಲಬೇಕಾದ ಚಿಂತೆಯೂ ಅಷ್ಟೇ ಇತ್ತು ಅನ್ನಿಸಿತು. ಸೊಪ್ಪಿನ ಕಟ್ಟು ಇನ್ನೂ ಕೈಯಲ್ಲೇ ಹಿಡಿದುಕೊಂಡಿದ್ದರು.

"ನೀವ್ ಕರೆದ್ರೆ ಬರ್ತೀನಿ ಚಿಕ್ಕಮ್ಮ. ಪ್ರಸಾದ ಮಾತ್ರ ಕೇಳ್ಬೇಡಿ."

"ಅದೇನೋಪ್ಪ, ನಿಮ್ದು ನನಗೊಂದೂ ಅರ್ಥ ಆಗಲ್ಲ" ಅಂದರು. ಆಮೇಲೆ ಅವ್ವನಿಗೆ ಕೇಳುವ ಹಾಗೆ ದನಿ ಏರಿಸಿ, ಈ ಭಾನುವಾರ ಏಳು ಗಂಟೆಗೆಲ್ಲ ತಯಾರಾಗಿರುತ್ತೇನೆ, ಗಾಡಿ ಮನೆ ಬಾಗಿಲಿಗೇ ತರಬೇಕು ಎಂದರು.