ಅನೆಮೊನಿಗಿಂತ ಮೊದಲು ನೀರನ್ನು ಸಾಕಬೇಕು

ಮನೆಯಲ್ಲಿ ಉಪ್ಪುನೀರಿನ ಅಕ್ವೇರಿಯಂ ಇಟ್ಟವರು ಮೊದಲು ಕೊಳ್ಳುವುದು ಸಾಮಾನ್ಯವಾಗಿ ಕ್ಲೌನ್ ಮೀನಿನ ಜೋಡಿಯನ್ನು. ಆ ಜೋಡಿ ಮನೆಗೆ ಬಂದು ವಾರ ಕಳೆಯುವುದರೊಳಗೆ ಅದು ಕಡಲಿನಲ್ಲಿ ಆಶ್ರಯ ಪಡೆಯುವ, ಹೂವಿನಂತೆ ಕಾಣುವ ಸಮುದ್ರ ಅನೆಮೊನಿ ಎಂಬ ಪ್ರಾಣಿಯನ್ನೂ ತಂದುಬಿಡೋಣ ಎಂಬ ಆಸೆ ಹುಟ್ಟುತ್ತದೆ. ಆ ಆಸೆಯನ್ನು ಕನಿಷ್ಠ ಆರು ತಿಂಗಳು, ಸಾಧ್ಯವಾದರೆ ಒಂದು ವರ್ಷ, ಮುಂದಕ್ಕೆ ಹಾಕಿ ಎಂದು ಕೇಳಿಕೊಳ್ಳುವುದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ. ಬೆಂಗಳೂರಿನ ನಮ್ಮ ಮನೆಯ ಟ್ಯಾಂಕಿನಲ್ಲಿ ಬಬಲ್ ಟಿಪ್ ಜಾತಿಯ ಅನೆಮೊನಿಯೊಂದು ಹಲವು ವರ್ಷಗಳಿಂದ ಬದುಕಿದೆ. ನಾನು ಮಾಡಿದ ಕೆಲಸಗಳಿಗಿಂತ ಮಾಡದೆ ಬಿಟ್ಟವುಗಳೇ ಅದಕ್ಕೆ ಹೆಚ್ಚು ನೆರವಾಗಿವೆ ಎಂಬುದು ನನ್ನ ಅಂದಾಜು.

ಮೊದಲಿಗೆ, ಮನೆಯ ಮೀನಿಗೆ ಅನೆಮೊನಿ ಬೇಕೇ ಬೇಕೆಂದಿಲ್ಲ. ಕಡಲಿನಲ್ಲಿ ಕ್ಲೌನ್ ಮೀನು ಅದರ ಕುಟುಕುವ ಬಳ್ಳಿಗಳ ನಡುವೆ ಅಡಗುವುದು ತನ್ನನ್ನು ತಿನ್ನಬರುವ ದೊಡ್ಡ ಮೀನುಗಳಿಂದ ಪಾರಾಗಲು. ನಮ್ಮ ಟ್ಯಾಂಕಿನಲ್ಲಿ ಅಂಥ ಶತ್ರುಗಳೇ ಇರುವುದಿಲ್ಲ. ತಮಿಳುನಾಡಿನ ಮಂಡಪಂನಲ್ಲಿರುವ ಕೇಂದ್ರೀಯ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಕೇಂದ್ರವೂ ಸೇರಿದಂತೆ ಹಲವೆಡೆ ಈಗ ಕ್ಲೌನ್ ಮೀನುಗಳ ಮರಿ ಮಾಡಿಸುತ್ತಾರೆ, ಹಾಗೆ ಬೆಳೆದ ಮರಿಗಳಲ್ಲಿ ಅನೆಮೊನಿಯನ್ನು ಕಂಡೇ ಇರದವು ಬೇಕಾದಷ್ಟಿವೆ. ಜಗತ್ತಿನಲ್ಲಿ ಸಾವಿರಕ್ಕೂ ಹೆಚ್ಚು ಜಾತಿಯ ಅನೆಮೊನಿಗಳಿದ್ದರೂ ಕ್ಲೌನ್ ಮೀನಿಗೆ ಆಶ್ರಯ ಕೊಡುವವು ಸುಮಾರು ಹತ್ತು ಮಾತ್ರ, ಮತ್ತು ಆ ಹತ್ತರಲ್ಲಿ ಮನೆಯ ಟ್ಯಾಂಕಿಗೆ ಸಲೀಸಾಗಿ ಒಗ್ಗುವುದು ಬಬಲ್ ಟಿಪ್ ಒಂದೇ ಎಂದರೆ ಅತಿಯಾಗದು. ನಮ್ಮ ಪೂರ್ವ ಕರಾವಳಿಯ ಕಾರ್ಪೆಟ್ ಅನೆಮೊನಿ ಅಂಗಡಿಯಲ್ಲಿ ಅಂಗೈಯಗಲ ಕಂಡರೂ ಅರ್ಧ ಮೀಟರಿನವರೆಗೆ ಹರಡಬಲ್ಲದು. ಅದರ ಮೇಲೆ ಮೈಮರೆತು ಹಾದ ಬೇರೆ ಮೀನು ಅದರ ಊಟವಾಗುತ್ತದೆ.

ಅನೆಮೊನಿ ಹವಳ ಮತ್ತು ಅಂಬಲಿ ಮೀನುಗಳ (ಜೆಲ್ಲಿಫಿಶ್) ಬಳಗಕ್ಕೆ ಸೇರಿದ ಪ್ರಾಣಿ. ಕ್ಲೌನ್ ಮೀನಿಗೆ ಆಶ್ರಯ ಕೊಡುವ ಜಾತಿಗಳ ಮೈಯ ಜೀವಕೋಶಗಳೊಳಗೆ ಕಣ್ಣಿಗೆ ಕಾಣದ ಕಂದುಬಣ್ಣದ ಪಾಚಿ ನೆಲೆಸಿರುತ್ತದೆ. ಬೆಳಕಿನಲ್ಲಿ ಅದು ತಯಾರಿಸುವ ಆಹಾರದ ದೊಡ್ಡ ಪಾಲು ಅನೆಮೊನಿಗೆ ಸಲ್ಲುತ್ತದೆ, ಮೀನು ಹೊರಹಾಕುವ ಅಮೋನಿಯಾ ಆ ಪಾಚಿಗೆ ಗೊಬ್ಬರವಾಗುತ್ತದೆ. ಆದ್ದರಿಂದ ಮೀನಿನ ಟ್ಯಾಂಕಿಗೆ ಸಾಕಾಗುವ ಸಾಧಾರಣ ದೀಪ ಇಲ್ಲಿ ಸಾಲದು, ಹವಳ ಬೆಳೆಸಲು ಬಳಸುವ ಎಲ್‌ಇಡಿಯೇ ಬೇಕು. ಅಂಗಡಿಯಲ್ಲಿ ಅಚ್ಚ ಬಿಳಿಯ ಅನೆಮೊನಿ ಕಂಡರೆ ಚೆಲುವಿಗೆ ಮರುಳಾಗಬಾರದು, ಅದು ಒಳಗಿನ ಪಾಚಿಯನ್ನು ಕಳೆದುಕೊಂಡು ಹಸಿದಿರುವ ಜೀವ. ಕಣ್ಣು ಕುಕ್ಕುವ ಹಳದಿ ಅಥವಾ ಗುಲಾಬಿಯದು ಬಹುಪಾಲು ಬಣ್ಣದಲ್ಲಿ ಅದ್ದಿದ್ದು. ಮಂಕು ಕಂದು ಬಣ್ಣದ, ಬಾಯಿ ಬಿಗಿಯಾಗಿ ಮುಚ್ಚಿದ, ಬಂಡೆಗೆ ಅಂಟಿಕೊಳ್ಳುವ ಪಾದ ಎಲ್ಲೂ ಹರಿಯದ ಅನೆಮೊನಿಯನ್ನು ಆರಿಸುವವನೇ ಜಾಣ.

ಇವು ಎಷ್ಟು ಕಾಲ ಬದುಕಬಲ್ಲವು ಎಂಬುದಕ್ಕೆ ಸ್ಕಾಟ್‌ಲೆಂಡಿನ ಒಂದು ಉದಾಹರಣೆಯಿದೆ. 1828ರಲ್ಲಿ ಸರ್ ಜಾನ್ ಡಾಲ್ಯೆಲ್ ಎಂಬ ಪ್ರಕೃತಿಶಾಸ್ತ್ರಜ್ಞರು ನಾರ್ತ್ ಬರ್ವಿಕ್ ಕಡಲತೀರದ ಬಂಡೆಯಿಂದ ಒಂದು ಕೆಂಪು ಅನೆಮೊನಿಯನ್ನು ತಂದು ಎಡಿನ್‌ಬರೊದ ತಮ್ಮ ಮನೆಯಲ್ಲಿ ಗಾಜಿನ ಜಾಡಿಯೊಳಗಿಟ್ಟರು. ಅವರು 1851ರಲ್ಲಿ ತೀರಿಕೊಂಡ ಮೇಲೆ ಆ ಜಾಡಿ ಒಬ್ಬರಿಂದೊಬ್ಬರಿಗೆ ದಾಟುತ್ತಾ ಹೋಯಿತು. ‘ಅಜ್ಜಿ’ ಎಂದೇ ಹೆಸರಾದ ಆ ಜೀವ ಸತ್ತದ್ದು 1887ರಲ್ಲಿ. ಅದಕ್ಕೆ ಪಂಪಾಗಲಿ ಹೀಟರಾಗಲಿ ಇರಲಿಲ್ಲ. ಇದ್ದದ್ದು ಆಗಾಗ ಬದಲಿಸುತ್ತಿದ್ದ ಹೊಸ ಕಡಲ ನೀರು ಮತ್ತು ಕೆಲವೊಮ್ಮೆ ಚಿಪ್ಪಿನ ಮಾಂಸದ ಚೂರು. ಅದು ತಣ್ಣೀರಿನ, ಉಬ್ಬರವಿಳಿತದ ಏರುಪೇರುಗಳಿಗೆ ಒಗ್ಗಿದ ಗಟ್ಟಿ ಜಾತಿ, ನಮ್ಮ ಬಬಲ್ ಟಿಪ್‌ಗೆ ಜಾಡಿ ಸಾಲದು ನಿಜ. ಆದರೂ ಮನೆಯಲ್ಲಿಟ್ಟ ಅನೆಮೊನಿ ಒಂದೇ ವರ್ಷದಲ್ಲಿ ಸತ್ತಾಗ ಅದರ ಆಯುಸ್ಸೇ ಅಷ್ಟು ಎಂದು ಹೇಳುವವರನ್ನು ನಾನು ನಂಬುವುದಿಲ್ಲ.

ಬಬಲ್ ಟಿಪ್‌ಗೆ ಬೇಕಾದದ್ದು ಏರುಪೇರಿಲ್ಲದ ನೀರು. ಲೀಟರಿಗೆ ಸುಮಾರು 35 ಗ್ರಾಂ ಉಪ್ಪು, 25ರಿಂದ 27 ಡಿಗ್ರಿ ಸೆಲ್ಸಿಯಸ್ ತಾಪಮಾನ, 8.1ರಿಂದ 8.4ರ ನಡುವಿನ ಪಿಎಚ್, ಸೊನ್ನೆ ಅಮೋನಿಯಾ. ಈ ಅಂಕಿಗಳನ್ನು ಒಂದು ದಿನ ಮುಟ್ಟುವುದು ಸುಲಭ. ತಿಂಗಳುಗಟ್ಟಲೆ ಅಲ್ಲೇ ನಿಲ್ಲಿಸುವುದು ಕಷ್ಟ, ಹೊಸ ಟ್ಯಾಂಕಿನಲ್ಲಂತೂ ಆಗದ ಮಾತು. ನಮ್ಮ ಕೊಳವೆಬಾವಿಯ ನೀರಾಗಲಿ ಕ್ಲೋರಿನ್ ಬೆರೆಸಿದ ನಲ್ಲಿ ನೀರಾಗಲಿ ನೇರವಾಗಿ ಒದಗುವುದಿಲ್ಲ. ಆರ್‌ಒ ಮತ್ತು ಡಿಐ ಘಟಕಗಳೆರಡರಲ್ಲೂ (ಎರಡೂ ನೀರಿನಲ್ಲಿ ಕರಗಿದ ಲವಣಗಳನ್ನು ತೆಗೆಯುತ್ತವೆ) ಹಾಯಿಸಿದ ನೀರಿಗೆ ಅಕ್ವೇರಿಯಂ ಉಪ್ಪನ್ನು ಕರಗಿಸಿ, ಉಪ್ಪಿನಂಶ ತೋರಿಸುವ ರಿಫ್ರ್ಯಾಕ್ಟೋಮೀಟರಿನಲ್ಲಿ ಅಳೆದು ಬಳಸುತ್ತೇನೆ. ಮಾರ್ಚ್, ಏಪ್ರಿಲ್‌ನ ಒಣಹವೆಯಲ್ಲಿ ನೀರು ಬೇಗ ಆವಿಯಾಗುತ್ತದೆ, ಉಪ್ಪು ಮಾತ್ರ ಹಾಗೇ ಉಳಿಯುತ್ತದೆ. ಆದ್ದರಿಂದ ಕಡಿಮೆಯಾದಷ್ಟು ಸಿಹಿನೀರನ್ನೇ ದಿನವೂ ತುಂಬಬೇಕು, ಉಪ್ಪುನೀರನ್ನಲ್ಲ. ಬೆಂಗಳೂರಿನಲ್ಲಿ ವರ್ಷದ ಬಹುಭಾಗ ನೀರು ತಂಪಾಗಿಸುವ ಚಿಲ್ಲರ್ ಇಲ್ಲದೆ ನಡೆಯುತ್ತದೆ, ಮಂಗಳೂರಿನಲ್ಲಿ ಇರುವವರು ಅದರ ಖರ್ಚನ್ನು ಮೊದಲೇ ಲೆಕ್ಕ ಹಾಕಿಕೊಳ್ಳುವುದು ಒಳ್ಳೆಯದು. ಕರೆಂಟು ಹೋದಾಗ ನೀರು ನಿಲ್ಲದಂತೆ ಒಂದು ಪಂಪನ್ನಾದರೂ ಯುಪಿಎಸ್‌ಗೆ ಜೋಡಿಸಿರಬೇಕು. ಮೀನಿನ ರೋಗಕ್ಕೆ ಕೊಡುವ ತಾಮ್ರದ ಔಷಧಿಯನ್ನು ಈ ಟ್ಯಾಂಕಿಗೆ ಹಾಕಲೇಬಾರದು, ಅದು ಅನೆಮೊನಿಗೆ ವಿಷ.

ಅನೆಮೊನಿ ನಡೆಯುತ್ತದೆ. ನಾವು ಇಟ್ಟಲ್ಲಿ ಇರದೆ, ಪಾದವನ್ನು ಸರಿಸುತ್ತಾ ಬೆಳಕೂ ನೀರಿನ ಓಟವೂ ಹಿತವಾಗಿರುವ ಬಿರುಕೊಂದನ್ನು ತಾನೇ ಹುಡುಕಿಕೊಳ್ಳುತ್ತದೆ. ಈ ಅಲೆದಾಟದಲ್ಲಿ ಅದು ಪಂಪಿನ ಬಾಯಿಗೆ ಸಿಕ್ಕರೆ ನುಚ್ಚುನೂರಾಗುತ್ತದೆ, ಆ ಕೊಳೆತ ಚೂರುಗಳಿಂದ ಇಡೀ ಟ್ಯಾಂಕಿನ ಮೀನುಗಳೂ ಸಾಯಬಹುದು. ಹಾಗಾಗಿ ಪ್ರತಿ ಪಂಪಿಗೂ ಸ್ಪಂಜಿನ ಅಥವಾ ಜಾಲರಿಯ ಮುಚ್ಚಳ ಹಾಕಿದ ಮೇಲೆಯೇ ಅದನ್ನು ಮನೆಗೆ ತರಬೇಕು. ಒಮ್ಮೆ ನೆಲೆ ನಿಂತದ್ದನ್ನು ಕಿತ್ತು ಬೇರೆಡೆ ಇಡಲು ಹೋಗುವವರಿದ್ದಾರೆ. ನಮ್ಮ ಕಣ್ಣಿಗೆ ಚೆನ್ನಾಗಿ ಕಾಣಲಿ ಎಂಬುದಷ್ಟೇ ಕಾರಣವಾದರೆ ಆ ಕೆಲಸ ಬೇಡ, ಹರಿದ ಪಾದ ವಾಸಿಯಾಗದೆ ಹೋಗಬಹುದು. ಒಂದು ದಿನ ಅದು ಮುದುಡಿ ಕುಳಿತರೆ ಗಾಬರಿ ಬೇಡ, ಒಳಗಿನ ಕಲ್ಮಷವನ್ನು ಹೊರಹಾಕುವಾಗ ಹಾಗಾಗುತ್ತದೆ. ಬಾಯಿ ಅಗಲವಾಗಿ ತೆರೆದುಕೊಂಡು, ಮೈ ಕರಗುತ್ತಾ ದುರ್ವಾಸನೆ ಬಂದರೆ ಮಾತ್ರ ತಡಮಾಡದೆ ಹೊರತೆಗೆಯಬೇಕು.

ವಾರಕ್ಕೊಮ್ಮೆ ಮೀನು ಮಾರುಕಟ್ಟೆಯ ಸಿಗಡಿಯನ್ನು ಬಟಾಣಿಯಷ್ಟು ಚಿಕ್ಕದಾಗಿ ಕತ್ತರಿಸಿ ಕೊಟ್ಟರೆ ಧಾರಾಳವಾಯಿತು. ದೊಡ್ಡ ತುಂಡನ್ನು ಅದು ನುಂಗಿ ಮತ್ತೆ ಉಗುಳುತ್ತದೆ. ಕೈಗೆ ಗ್ಲೌಸ್ ಇರಲಿ, ಕೆಲವರ ಚರ್ಮಕ್ಕೆ ಅದರ ಕುಟುಕು ತುರಿಕೆ ತರುತ್ತದೆ.

ಟ್ಯಾಂಕಿಗೆ ತಂದ ಬಂಡೆಗಳ ಜೊತೆ ಕರೆಯದೆ ಬರುವ ಐಪ್ಟೇಸಿಯಾ ಎಂಬ ಪುಟ್ಟ ಅನೆಮೊನಿಗೆ ಈ ಯಾವ ಉಪಚಾರವೂ ಬೇಕಾಗಿಲ್ಲ. ಚಿವುಟಿದರೆ ಉಳಿದ ಚೂರಿನಿಂದಲೇ ಮತ್ತೆ ಬೆಳೆಯುತ್ತದೆ. ಅದನ್ನು ತಿನ್ನುವ ಪೆಪ್ಪರ್‌ಮಿಂಟ್ ಸಿಗಡಿಯನ್ನು ಬಿಟ್ಟ ಮೇಲೆ ನನ್ನ ಟ್ಯಾಂಕಿನಲ್ಲಿ ಅದರ ಉಪಟಳ ಹತೋಟಿಗೆ ಬಂದಿದೆ, ಪೂರ್ತಿ ಹೋಗಿಲ್ಲ.

ಬಬಲ್ ಟಿಪ್ ಕೂಡ ತಾನಾಗಿ ಉದ್ದಕ್ಕೆ ಸೀಳಿ ಎರಡಾಗುತ್ತದೆ, ಪ್ರತಿ ಅರ್ಧವೂ ಕೆಲವು ವಾರಗಳಲ್ಲಿ ಪೂರ್ಣ ಪ್ರಾಣಿಯಾಗುತ್ತದೆ. ಕಡಲಿನಿಂದ ಕಿತ್ತು ತಂದದ್ದನ್ನು ಕೊಳ್ಳುವ ಬದಲು ಹೀಗೆ ಟ್ಯಾಂಕಿನಲ್ಲೇ ಒಡೆದು ಬೆಳೆದದ್ದನ್ನು ಇನ್ನೊಬ್ಬ ಹವ್ಯಾಸಿಯಿಂದ ಪಡೆಯುವುದು ಎಲ್ಲ ರೀತಿಯಲ್ಲೂ ಲೇಸು: ಬಂಡೆ ಬರಿದಾಗುವುದಿಲ್ಲ, ದೀಪಕ್ಕೂ ಸಿದ್ಧಪಡಿಸಿದ ಉಪ್ಪುನೀರಿಗೂ ಅದು ಒಗ್ಗಿಕೊಂಡಿರುತ್ತದೆ. ನನ್ನಲ್ಲಿ ಹೆಚ್ಚಾದದ್ದನ್ನು ಕೇಳಿದವರಿಗೆ ದುಡ್ಡಿಲ್ಲದೆ ಕೊಡುತ್ತೇನೆ; ಟ್ಯಾಂಕಿಗೆ ಎಷ್ಟು ತಿಂಗಳಾಯಿತು, ಪಂಪಿಗೆ ಮುಚ್ಚಳವಿದೆಯೇ ಎಂದು ಮಾತ್ರ ಮೊದಲು ಕೇಳಿಯೇ ಕೇಳುತ್ತೇನೆ.